ಅಂಗೈಯಲ್ಲಿ ಸ್ವರಪಾಠ, ಆಲಯದಲ್ಲಿ ಸ್ತುತಿಗಾನ



ನವೆಂಬರ್ 22ರಂದು ಧರ್ಮಸಭೆಯು ಕನ್ಯೆಯೂ ರಕ್ತಸಾಕ್ಷಿಯೂ ಆದ ಸಂತ ಸಿಸಿಲಿಯಾರವರ ಹಬ್ಬವನ್ನು ಆಚರಿಸುತ್ತದೆ. ರೋಮ್ ನಗರದ ಈ ಸಂತೆ ಸಂಗೀತಗಾರರ ಪಾಲಕಿ. ಅಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಗಾನವೃಂದದವರನ್ನು ಪೀಠದ ಮುಂದೆ ಕರೆದು, ಅವರಿಗಾಗಿ ಪ್ರಾರ್ಥಿಸಿ, ಗೌರವಿಸುವ ಒಳ್ಳೆಯ ವಾಡಿಕೆಯಿದೆ.

ಆದರೆ ಒಂದು ವಿಷಯವನ್ನು ಗಮನಿಸಿದ್ದೀರಾ? ಸಂತ ಸಿಸಿಲಿಯಾ ಗಾಯಕಿಯೆಂದು ಹೆಸರು ಮಾಡಿದವರಲ್ಲ. ಅವರ ಬಗೆಗಿನ ಪುರಾತನ ಕಥನ ಹೇಳುವುದಿಷ್ಟೆ: ಅವರ ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ, ಅವರು ತಮ್ಮ ಹೃದಯದಲ್ಲಿ ದೇವರಿಗಾಗಿ ಹಾಡುತ್ತಿದ್ದರು. ಯಾರ ಕಿವಿಗೂ ಬೀಳದ ಆ ಒಂದು ಹಾಡಿನಿಂದಾಗಿಯೇ ಅವರು ಸಂಗೀತದ ಪಾಲಕಿಯಾದರು. ಎಂದರೆ ಧರ್ಮಸಭೆಯ ದೃಷ್ಟಿಯಲ್ಲಿ ಹಾಡು ಮೊದಲು ಹುಟ್ಟುವುದು ಹೃದಯದಲ್ಲಿ, ಆಮೇಲೆ ಕಂಠದಲ್ಲಿ.

ಇದನ್ನು ಕೇಳಿದೊಡನೆ ಕೆಲವರು ನಮ್ಮನ್ನು ಕೇಳುವುದುಂಟು: "ಹಾಗಾದರೆ ಸ್ವಾಮಿ, ನಾವು ಮನಸ್ಸಿನಲ್ಲೇ ಹಾಡಿಕೊಂಡರೆ ಸಾಲದೇ? ಬಾಯಿಬಿಟ್ಟು ಹಾಡಲೇಬೇಕೇ? ನಮ್ಮದು ಕಾಗೆ ದನಿ." ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ಏಕೆಂದರೆ ಇಂದು ನಮ್ಮ ಆಲಯಗಳಲ್ಲಿ ಬಾಯಿಬಿಟ್ಟು ಹಾಡುವವರ ಸಂಖ್ಯೆ ಕಡಿಮೆಯಾಗುತ್ತಿದೆ. ಕೀಬೋರ್ಡಿನ ಬಳಿ ನಾಲ್ಕೈದು ಯುವಜನರು ಮೈಕು ಹಿಡಿದು ಹಾಡುತ್ತಾರೆ. ಉಳಿದವರು ಕೇಳುತ್ತೇವೆ. 2020ರಲ್ಲಿ ಕೋವಿಡ್ ಕಾರಣದಿಂದ ಆಲಯಗಳ ಬಾಗಿಲು ಮುಚ್ಚಿ, ಮೊಬೈಲಿನಲ್ಲಿ ಬಲಿಪೂಜೆಯನ್ನು ನೋಡುವಂತಾದ ಮೇಲೆ ಸುಮ್ಮನೆ ಕೇಳುವ ಈ ಅಭ್ಯಾಸ ಇನ್ನಷ್ಟು ಗಟ್ಟಿಯಾಯಿತು. ಮದುವೆಯಿದ್ದರೆ ಹೊರಗಿನಿಂದ ಹಾಡುಗಾರರನ್ನು ಕರೆಸುತ್ತೇವೆ. ಆದರೆ ಸಮಾಧಿಯ ಬಳಿ? ಅಲ್ಲಿ ಕೀಬೋರ್ಡು ಇರುವುದಿಲ್ಲ, ಮೈಕು ಇರುವುದಿಲ್ಲ. ಮಣ್ಣು ಹಾಕುವ ಹೊತ್ತಿನಲ್ಲಿ ಅಳುವ ಮನೆಯವರಿಗೆ ಆಸರೆಯಾಗಬೇಕಾದ ಹಾಡು, ಬಾಯಿಪಾಠ ಬಲ್ಲ ಒಂದಿಬ್ಬರು ಹಿರಿಯರ ದನಿಯಲ್ಲಿ ಮಾತ್ರ ಉಳಿದಿದೆ. ಅವರ ನಂತರ ಯಾರು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಈ ಹಬ್ಬದ ಸಂದರ್ಭದಲ್ಲಿ ಒಂದು ಹೊಸ ಸಾಧನದ ಬಗ್ಗೆ ತಿಳಿಯೋಣ. ಅದು ಮೊಬೈಲಿನಲ್ಲಿ ಹಾಡು ಕಲಿಸುವ ಆ್ಯಪ್. ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು, ವಿಶ್ವಾಸಿಗಳ ಕುಟುಂಬಗಳು ಅದನ್ನು ಹೇಗೆ ಬಳಸಬಹುದು ಎಂಬುದನ್ನು ನೋಡೋಣ.

ಹಾಡು ಕಲಿಸಿದ ಧರ್ಮಸಭೆ

ಎಲ್ಲರಿಗೂ ಹಾಡು ಬರಬೇಕೆಂಬ ಆಸೆ ಧರ್ಮಸಭೆಗೆ ಹೊಸದಲ್ಲ. ಕಡೆಯ ಭೋಜನದ ನಂತರ ಯೇಸುಸ್ವಾಮಿ ಮತ್ತು ಶಿಷ್ಯರು ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರೆಂದು ಸಂತ ಮತ್ತಾಯ ಬರೆಯುತ್ತಾರೆ (ಮತ್ತಾಯ 26:30). ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಮತ್ತು ಸೀಲ ನಡುರಾತ್ರಿಯಲ್ಲಿ ಹಾಡುತ್ತಿದ್ದಾಗ ಇತರ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು (ಪ್ರೇಷಿತರ ಕಾರ್ಯಕಲಾಪಗಳು 16:25). ಇವರಾರೂ ವೃತ್ತಿಯ ಗಾಯಕರಲ್ಲ.

ಮುಂದೆ 386ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಒಂದು ಸಂಕಟ ಒದಗಿತು. ಅರಿಯುಸನ ಪಾಷಂಡ ಬೋಧನೆಗೆ ಒಲಿದಿದ್ದ ರಾಜಮಾತೆ ಜಸ್ಟೀನಾ ಆಲಯವೊಂದನ್ನು ತಮ್ಮವರಿಗೆ ಬಿಟ್ಟುಕೊಡಬೇಕೆಂದು ಒತ್ತಾಯಿಸಿದಳು. ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಒಪ್ಪಲಿಲ್ಲ. ಜನರು ತಮ್ಮ ಧರ್ಮಾಧ್ಯಕ್ಷರ ಜೊತೆ ಆಲಯದಲ್ಲೇ ಜಾಗರಣೆಯಿದ್ದರು. ಅವರು ಎದೆಗುಂದದಂತೆ ಆಗ ಅಲ್ಲಿ ಕೀರ್ತನೆ ಹಾಗೂ ಸ್ತುತಿಗೀತೆಗಳನ್ನು ಹಾಡುವ ಕ್ರಮ ಆರಂಭವಾಯಿತೆಂದು ಆ ದಿನಗಳಲ್ಲಿ ಮಿಲಾನಿನಲ್ಲೇ ಇದ್ದ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಬರೆದಿದ್ದಾರೆ. ಸಂತ ಅಂಬ್ರೋಸರ ಗೀತೆಗಳ ಗುಟ್ಟು ಅವುಗಳ ಸರಳತೆ: ನಾಲ್ಕು ಸಾಲಿನ ಪದ್ಯ, ಸಾಲಿಗೆ ಎಂಟು ಅಕ್ಷರ. ಓದುಬರಹ ಬಾರದವರೂ ಕಲಿಯಬಹುದಾಗಿತ್ತು. ಕಷ್ಟಕಾಲದಲ್ಲಿ ಜನರ ಕೈಹಿಡಿದದ್ದು ಅವರಿಗೆ ಬಾಯಿಪಾಠವಿದ್ದ ಹಾಡು.

ಇನ್ನೊಂದು ಉದಾಹರಣೆ ನಮ್ಮ ಇಂದಿನ ವಿಷಯಕ್ಕೆ ಮತ್ತಷ್ಟು ಹತ್ತಿರದ್ದು. ಹನ್ನೊಂದನೆಯ ಶತಮಾನದಲ್ಲಿ ಇಟಲಿಯಲ್ಲಿ ಗ್ವೀದೋ ಎಂಬ ಬೆನೆಡಿಕ್ಟ್ ಸಭೆಯ ಸನ್ಯಾಸಿ ಇದ್ದರು. ಅರೆಝ್ಝೋ ಎಂಬ ಊರಿನ ಪ್ರಧಾನಾಲಯದಲ್ಲಿ ಹುಡುಗರಿಗೆ ಹಾಡು ಕಲಿಸುವುದು ಅವರ ಕೆಲಸ. ಆಗ ಎಲ್ಲ ಹಾಡುಗಳನ್ನೂ ಗುರುವಿನ ಬಾಯಿಂದ ಕೇಳಿಯೇ ಕಲಿಯಬೇಕಿತ್ತು. ಹತ್ತು ವರ್ಷ ಕಲಿತರೂ ಶಿಷ್ಯರಿಗೆ ಹೊಸ ಹಾಡನ್ನು ತಾವಾಗಿ ಹಾಡಲು ಬರುತ್ತಿರಲಿಲ್ಲ. ಗ್ವೀದೋ ಎರಡು ಉಪಾಯ ಮಾಡಿದರು. ಒಂದು, ಸ್ವರದ ಏರಿಳಿತ ಕಣ್ಣಿಗೆ ಕಾಣುವಂತೆ ಗೆರೆಗಳ ಮೇಲೆ ಸ್ವರಗಳನ್ನು ಬರೆದರು. ಎರಡು, ಸ್ನಾನಿಕ ಯೊವಾನ್ನರ ಹಬ್ಬದ ಲತೀನ್ ಗೀತೆಯೊಂದನ್ನು ಆರಿಸಿಕೊಂಡರು. ಅದರ ಒಂದೊಂದು ಪಾದವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಆರಂಭವಾಗುತ್ತಿತ್ತು. ಆ ಪಾದಗಳ ಮೊದಲ ಅಕ್ಷರಗಳಿಂದ ಅವರು ಉತ್, ರೇ, ಮೀ, ಫಾ, ಸೋಲ್, ಲಾ ಎಂದು ಸ್ವರಗಳಿಗೆ ಹೆಸರಿಟ್ಟರು. ಇಂದು ಕೀಬೋರ್ಡ್ ಕಲಿಯುವ ನಮ್ಮ ಮಕ್ಕಳು ಹೇಳುವ ದೋ, ರೇ, ಮೀ ಬಂದದ್ದು ಹೀಗೆ.

ಈ ಪದ್ಧತಿಯಿಂದ ಒಂದು ವರ್ಷದಲ್ಲಿ, ಹೆಚ್ಚೆಂದರೆ ಎರಡು ವರ್ಷದಲ್ಲಿ, ಗಾಯಕರು ಸಿದ್ಧರಾಗುತ್ತಾರೆಂದು ಗ್ವೀದೋ ತಮ್ಮ ಪತ್ರವೊಂದರಲ್ಲಿ ಬರೆದರು. ಸುದ್ದಿ ಪೋಪ್ ಹತ್ತೊಂಬತ್ತನೆಯ ಜಾನ್ ಅವರಿಗೆ ಮುಟ್ಟಿತು. ಅವರು ಗ್ವೀದೋರನ್ನು ರೋಮಿಗೆ ಕರೆಸಿ, ಆ ಪುಸ್ತಕವನ್ನು ತಿರುವಿ ನೋಡಿ, ತಾವು ಹಿಂದೆಂದೂ ಕೇಳಿರದ ಒಂದು ಶ್ಲೋಕವನ್ನು ಕಲಿತು ಹಾಡಿದ ಮೇಲೆಯೇ ಎದ್ದರಂತೆ! ಗ್ವೀದೋ ಹೆಸರಿನಲ್ಲಿ ಪ್ರಸಿದ್ಧವಾದ ಮತ್ತೊಂದು ಪಾಠಕ್ರಮವಿದೆ. ಅದರಲ್ಲಿ ಎಡಗೈಯ ಬೆರಳುಗಳ ಗೆಣ್ಣುಗೆಣ್ಣಿಗೂ ಒಂದೊಂದು ಸ್ವರವನ್ನು ಗುರುತಿಸಲಾಗಿತ್ತು. ಮಧ್ಯಯುಗದ ವಿದ್ಯಾರ್ಥಿಗಳು ತಮ್ಮ ಅಂಗೈಯನ್ನೇ ನೋಡಿಕೊಂಡು ಸ್ವರ ಕಲಿಯುತ್ತಿದ್ದರು. ಇಂದು ಅದೇ ಅಂಗೈಯಲ್ಲಿ ಮೊಬೈಲ್ ಇದೆ.

ನಮ್ಮ ನಾಡಿನಲ್ಲೂ ಇದೇ ಕಾಳಜಿಯನ್ನು ಕಾಣುತ್ತೇವೆ. ಸರಳೆ, ಜಂಟಿವರಸೆ, ಅಲಂಕಾರ, ಗೀತೆ ಎಂದು ಮೆಟ್ಟಿಲುಮೆಟ್ಟಿಲಾಗಿ ಕರ್ನಾಟಕ ಸಂಗೀತವನ್ನು ಕಲಿಸುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತ ಪರಂಪರೆ ನೆನೆಯುತ್ತದೆ. ಒಮ್ಮೆಗೇ ಎತ್ತರ ಏರಿಸದೆ, ಒಂದೊಂದೇ ಮೆಟ್ಟಿಲು ಹತ್ತಿಸುವುದು ಒಳ್ಳೆಯ ಗುರುವಿನ ಲಕ್ಷಣ.

ಆ್ಯಪ್ ನಮ್ಮ ದನಿಯನ್ನು ಹೇಗೆ ಕೇಳುತ್ತದೆ?

ನಾವು ಹಾಡುವಾಗ ಗಂಟಲಿನೊಳಗಿನ ಧ್ವನಿತಂತುಗಳು ಕಂಪಿಸುತ್ತವೆ. ಕಂಪನ ವೇಗವಾದಷ್ಟೂ ಸ್ವರ ಏರುತ್ತದೆ, ನಿಧಾನವಾದಷ್ಟೂ ಇಳಿಯುತ್ತದೆ. ಸಾಮಾನ್ಯವಾಗಿ ಮಾತನಾಡುವಾಗ ಗಂಡಸರ ದನಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರ ದನಿ ಸುಮಾರು 200 ಸಲ ಕಂಪಿಸುತ್ತದೆ. ಮೊಬೈಲಿನ ಮೈಕು ಈ ಕಂಪನವನ್ನು ಹಿಡಿಯುತ್ತದೆ. ಒಂದು ಸೆಕೆಂಡಿಗೆ ಎಷ್ಟು ಸಲ ಅದೇ ಅಲೆ ಮರಳಿ ಬಂತು ಎಂದು ಆ್ಯಪ್ ಲೆಕ್ಕ ಹಾಕುತ್ತದೆ. ಆ ಲೆಕ್ಕವೇ ನಮ್ಮ ಸ್ವರದ ಎತ್ತರ.

ಪರದೆಯ ಮೇಲೆ ಗುರು ಹಾಡಿದ ಸ್ವರಗಳು ಒಂದು ಗೆರೆಯಾಗಿ ಕಾಣುತ್ತವೆ. ನಾವು ಹಾಡಿದಂತೆ ನಮ್ಮ ದನಿಯೂ ಇನ್ನೊಂದು ಗೆರೆಯಾಗಿ ಅದರ ಜೊತೆಯಲ್ಲೇ ಸಾಗುತ್ತದೆ. ನಮ್ಮ ಗೆರೆ ಮೇಲಿದ್ದರೆ ಸ್ವರ ಏರಿದೆ, ಕೆಳಗಿದ್ದರೆ ಇಳಿದಿದೆ, ಎರಡೂ ಕೂಡಿಕೊಂಡರೆ ಶ್ರುತಿ ಸೇರಿದೆ. ಹಾಡಿ ಮುಗಿಸಿದ ಮೇಲೆ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ತೋರಿಸಿ, ಅಂಕ ಅಥವಾ ನಕ್ಷತ್ರ ಕೊಡುತ್ತದೆ. ಗ್ವೀದೋ ಕಾಗದದ ಮೇಲೆ ಗುರುವಿನ ಸ್ವರ ಕಾಣುವಂತೆ ಮಾಡಿದರು. ಆ್ಯಪ್ ಶಿಷ್ಯನ ಸ್ವರವೂ ಕಾಣುವಂತೆ ಮಾಡಿದೆ. ಇದೇ ಅದರ ಹೊಸತನ.

ಇಂಥ ಆ್ಯಪ್‌ಗಳು ಹಲವಾರಿವೆ. ಫಿನ್‌ಲ್ಯಾಂಡ್ ದೇಶದ ಯೂಸಿಶಿಯನ್ ಮುಖ್ಯವಾಗಿ ಪಾಶ್ಚಾತ್ಯ ಸಂಗೀತದ ಪಾಠಗಳಿಗೆ ಹೆಸರಾದದ್ದು. ಭಾರತೀಯ ಸಂಗೀತದ ಅಭ್ಯಾಸಕ್ಕೆ ರಿಯಾಜ್ ಎಂಬ ಆ್ಯಪ್ ಇದೆ. ಅದರ ಹಿಂದೆ ನಮ್ಮ ಬೆಂಗಳೂರಿನ ನಂಟಿದೆ. ಸ್ಪೇನ್ ದೇಶದ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನಾ ಯೋಜನೆ ಆರಂಭವಾಯಿತು. ಕರ್ನಾಟಕ, ಹಿಂದೂಸ್ತಾನಿ, ತುರ್ಕಿ, ಚೀನಾ ಮೊದಲಾದ ಸಂಗೀತಗಳನ್ನು ಆಯಾ ಸಂಗೀತದ ನಿಯಮದಂತೆಯೇ ಕಂಪ್ಯೂಟರು ಅರಿಯಬೇಕೆಂಬುದು ಅದರ ಗುರಿ. ಅಲ್ಲಿ ಸಂಶೋಧನೆ ಮಾಡಿದವರು ಬೆಂಗಳೂರಿನಲ್ಲಿ ಕಟ್ಟಿದ ಮ್ಯೂಸಿಕ್‌ಮುನಿ ಲ್ಯಾಬ್ಸ್ ಸಂಸ್ಥೆಯಿಂದ ರಿಯಾಜ್ ಹೊರಬಂತು.

"ಆಯಾ ಸಂಗೀತದ ನಿಯಮದಂತೆ" ಎಂಬುದು ಏಕೆ ಮುಖ್ಯ? ಪಾಶ್ಚಾತ್ಯ ಕೀಬೋರ್ಡಿನಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆಗಳು. ಪ್ರತಿಯೊಂದೂ ತನ್ನ ಜಾಗದಲ್ಲಿ ಸ್ಥಿರ. ನಮ್ಮ ಸಂಗೀತದಲ್ಲಾದರೋ ಸ್ವರವು ಗಮಕದಲ್ಲಿ ಓಲಾಡುತ್ತದೆ, ಜಾರುತ್ತದೆ. ಸ್ಥಿರ ಸ್ವರವನ್ನೇ ನಿರೀಕ್ಷಿಸುವ ಆ್ಯಪ್‌ಗೆ ನಮ್ಮ ಅಜ್ಜಿ ಹಾಡುವ ತಪಸ್ಸುಕಾಲದ ಹಾಡಿನ ಸೊಗಸು ತಪ್ಪಾಗಿ ಕಂಡೀತು. ಆದ್ದರಿಂದ ಆ್ಯಪ್ ಆರಿಸುವಾಗ ನಾವು ಹಾಡುವ ಹಾಡಿನ ಬಗೆಗೆ ಅದು ಹೊಂದುತ್ತದೆಯೇ ಎಂದು ನೋಡಬೇಕು.

ಯಾರಿಗೆ ಬಾಗಿಲು ತೆರೆಯುತ್ತದೆ?

ಸಂಗೀತ ಮೇಷ್ಟ್ರು ಪಟ್ಟಣದಲ್ಲಿ ಸಿಗುತ್ತಾರೆ. ಹಳ್ಳಿಯ ಉಪಕೇಂದ್ರಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳಲ್ಲಿ ಎಲ್ಲಿ ಸಿಗುತ್ತಾರೆ? ಸಿಕ್ಕರೂ ಶುಲ್ಕ ಕೊಡುವವರಾರು? ಮುಂಜಾನೆ ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರಿ ಅಡುಗೆಗೆ ನಿಲ್ಲುವ ತಾಯಿಗೆ ಸಂಗೀತ ತರಗತಿಯ ಸಮಯ ಹೊಂದುವುದಿಲ್ಲ. ಪಾಳಿಯಲ್ಲಿ ದುಡಿಯುವ ಯುವಕನಿಗೆ ಗಾನವೃಂದದ ಅಭ್ಯಾಸಕ್ಕೆ ಬರಲಾಗುವುದಿಲ್ಲ. ಇಂಥವರಿಗೆ ರಾತ್ರಿ ಒಂಬತ್ತಕ್ಕೂ ಬೆಳಗ್ಗೆ ಐದಕ್ಕೂ ಸಿದ್ಧವಾಗಿರುವ ಪಾಠ ದೊಡ್ಡ ಉಪಕಾರವೇ ಸರಿ.

ಇನ್ನೊಂದು ಬಗೆಯ ಜನರಿದ್ದಾರೆ. ಅವರಿಗೆ ಅಡ್ಡಿಯಾಗಿರುವುದು ನಾಚಿಕೆ. ಚಿಕ್ಕಂದಿನಲ್ಲಿ ಯಾರೋ ಒಬ್ಬರು "ನೀನು ಸುಮ್ಮನೆ ಬಾಯಿ ಆಡಿಸು, ಹಾಡಬೇಡ" ಎಂದಿರುತ್ತಾರೆ. ಆ ಒಂದು ಮಾತಿಗೆ ಅವರು ನಲವತ್ತು ವರ್ಷ ಆಲಯದಲ್ಲಿ ಮೌನವಾಗಿ ನಿಂತಿರುತ್ತಾರೆ. ಇವರು ತಿಳಿಯಬೇಕಾದ ಸತ್ಯವೊಂದಿದೆ. ಸ್ವರದ ಏರಿಳಿತವನ್ನೇ ಗುರುತಿಸಲಾರದ ಹುಟ್ಟು ತೊಂದರೆ ಇರುವುದು ಬಹಳ ಅಪರೂಪ. ಸಂಶೋಧಕರ ಅಂದಾಜಿನಂತೆ ನೂರು ಜನರಲ್ಲಿ ಅದು ಒಬ್ಬಿಬ್ಬರಿಗೆ ಇದ್ದೀತು. "ನನಗೆ ಹಾಡಲು ಬರುವುದಿಲ್ಲ" ಎನ್ನುವ ಉಳಿದ ಬಹುತೇಕರ ಕಿವಿ ಚೆನ್ನಾಗಿಯೇ ಇರುತ್ತದೆ. ಕೇಳಿದ ಸ್ವರಕ್ಕೆ ಗಂಟಲನ್ನು ಹೊಂದಿಸುವ ಅಭ್ಯಾಸ ಮಾತ್ರ ಆಗಿರುವುದಿಲ್ಲ. ಅಭ್ಯಾಸದಿಂದ ಅದು ಸುಧಾರಿಸುತ್ತದೆ. ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಇಲ್ಲಿ ಆ್ಯಪ್‌ಗಿರುವ ಗುಣ ತಾಳ್ಮೆ. ಒಂದೇ ಸಾಲನ್ನು ಐವತ್ತು ಸಲ ತಪ್ಪಾಗಿ ಹಾಡಿದರೂ ಅದು ಮುಖ ಸಿಂಡರಿಸುವುದಿಲ್ಲ, ಪಕ್ಕದವರ ಕಡೆ ನೋಡಿ ನಗುವುದಿಲ್ಲ. ಐವತ್ತೊಂದನೆಯ ಸಲ ಸರಿಯಾದಾಗ ನಕ್ಷತ್ರ ಕೊಡುತ್ತದೆ. ಮನೆಯ ಮೂಲೆಯಲ್ಲಿ, ಯಾರೂ ಕೇಳದಂತೆ ಧೈರ್ಯ ತಂದುಕೊಳ್ಳಲು ಇದು ನೆರವಾಗುತ್ತದೆ. ಮಕ್ಕಳಿಗಂತೂ ಇದು ಆಟದಂತೆ. ಐದು ನಿಮಿಷದ ಪಾಠ, ಒಡನೆಯೇ ಅಂಕ, ನಾಳೆ ಮುಂದಿನ ಮೆಟ್ಟಿಲು. ಬೇಸರವಾಗದಂತೆ ಕಲಿಸುವ ಈ ಜಾಣತನವನ್ನು ನಮ್ಮ ಧರ್ಮೋಪದೇಶದ ಶಿಕ್ಷಕರೂ ಗಮನಿಸಬೇಕು.

ಆ್ಯಪ್‌ಗೆ ತಿಳಿಯದ ಸಂಗತಿಗಳು

ಆದರೆ ಪ್ರಿಯರೇ, ಅದರ ಮಿತಿಯನ್ನೂ ಸ್ಪಷ್ಟವಾಗಿ ತಿಳಿಯೋಣ. ಆ್ಯಪ್ ಕೇಳುವುದು ಸ್ವರದ ಎತ್ತರ ಮತ್ತು ಕಾಲವನ್ನು. ನಾವು ಹೆಗಲು ಬಿಗಿಹಿಡಿದಿದ್ದೇವೆಯೇ, ದವಡೆ ಬಿಗಿದಿದ್ದೇವೆಯೇ, ಗಂಟಲು ನೋಯಿಸಿಕೊಂಡು ಕಿರುಚುತ್ತಿದ್ದೇವೆಯೇ ಎಂಬುದು ಅದಕ್ಕೆ ಕಾಣದು. ಅಂಕಕ್ಕಾಗಿ ಗಂಟಲು ಒಡೆದುಕೊಳ್ಳುವ ಹುಡುಗನಿಗೂ ಅದು ನಕ್ಷತ್ರ ಕೊಟ್ಟುಬಿಡಬಹುದು. ದನಿ ಒಡೆಯುವ ವಯಸ್ಸಿನ ಗಂಡುಮಕ್ಕಳನ್ನು ಎತ್ತರದ ಸ್ವರಕ್ಕೆ ಒತ್ತಾಯಿಸಬಾರದೆಂದು ಅನುಭವಿ ಗುರುವಿಗೆ ಗೊತ್ತು. ಅಲ್ಪಪ್ರಾಣ, ಮಹಾಪ್ರಾಣ, ಹ್ರಸ್ವ, ದೀರ್ಘ ತಪ್ಪಿ ಕನ್ನಡದ ಪ್ರಾರ್ಥನೆಯ ಅರ್ಥವೇ ಕೆಟ್ಟರೂ ಸ್ವರದ ಗೆರೆ ನೇರವಾಗಿಯೇ ಇರಬಹುದು. ಹಾಡಿನ ಸಾಲು ದುಃಖದ್ದೋ ಸಂತೋಷದ್ದೋ ಎಂಬ ಅರಿವು ಹಾಡುವವರ ಮನಸ್ಸಿನಿಂದಲೇ ಬರಬೇಕು.

ಎಲ್ಲಕ್ಕಿಂತ ದೊಡ್ಡ ಮಿತಿ ಬೇರೆಯೇ ಇದೆ. ಈ ಆ್ಯಪ್‌ಗಳು ಒಂದು ದನಿಯನ್ನು ಅಳೆಯಲು ರೂಪುಗೊಂಡಿವೆ. ಇಬ್ಬರು ಒಟ್ಟಿಗೆ ಹಾಡಿದರೆ ಅಲೆಗಳು ಬೆರೆತು ಅದರ ಲೆಕ್ಕ ತಪ್ಪುತ್ತದೆ. ಧರ್ಮಸಭೆಯ ಹಾಡಾದರೋ ಇಬ್ಬರಿಂದ ಆರಂಭವಾಗುತ್ತದೆ. ತಮ್ಮ ಹೆಸರಿನಲ್ಲಿ ಇಬ್ಬರು ಮೂವರು ಕೂಡಿದಲ್ಲಿ ತಾವಿರುವುದಾಗಿ ಯೇಸುಸ್ವಾಮಿ ಮಾತುಕೊಟ್ಟಿದ್ದಾರೆ (ಮತ್ತಾಯ 18:20). ಆ್ಯಪ್‌ಗೆ ಎಲ್ಲಿ ಗಲಿಬಿಲಿ ಶುರುವಾಗುತ್ತದೋ ಅಲ್ಲಿಯೇ ನಮ್ಮ ಆರಾಧನೆ ಶುರುವಾಗುತ್ತದೆ.

ಸಮೂಹದಲ್ಲಿ ಹಾಡುವಾಗ ಪಕ್ಕದವರ ದನಿ ಕೇಳಿಸುವಷ್ಟು ನಮ್ಮ ದನಿಯನ್ನು ತಗ್ಗಿಸಬೇಕು. ಉಸಿರು ಕಟ್ಟಿದವರಿಗಾಗಿ ಇನ್ನೊಬ್ಬರು ಸ್ವರವನ್ನು ಹಿಡಿದಿರಬೇಕು. ಹಿಂದೆ ಬಿದ್ದ ಅಜ್ಜನಿಗಾಗಿ ಎಲ್ಲರೂ ಒಂದಿಷ್ಟು ನಿಧಾನಿಸಬೇಕು. ಇದನ್ನು ಸಂಗೀತಗಾರರು ಹೊಂದಾಣಿಕೆ ಎನ್ನುತ್ತಾರೆ, ಶುಭಸಂದೇಶವು ಪ್ರೀತಿ ಎನ್ನುತ್ತದೆ. ದೇವರ ವಾಕ್ಯ ನಮ್ಮಲ್ಲಿ ನೆಲೆಸಬೇಕಾದರೆ ಕೀರ್ತನೆಗಳಿಂದಲೂ ಗೀತೆಗಳಿಂದಲೂ ಒಬ್ಬರಿಗೊಬ್ಬರು ಬೋಧಿಸಬೇಕೆಂದು ಸಂತ ಪೌಲರು ಹೇಳಿದ್ದು ಒಂದು ಸಮುದಾಯಕ್ಕೆ (ಕೊಲೊಸ್ಸೆ 3:16). "ಒಬ್ಬರಿಗೊಬ್ಬರು" ಎಂಬ ಈ ಪಾಠ ಒಂಟಿಯಾಗಿ ಕುಳಿತವರಿಗೆ ಸಿಗುವುದಿಲ್ಲ.

ಧರ್ಮಸಭೆಯ ವಿವೇಕ

ಯಂತ್ರಗಳ ಬಗ್ಗೆ ಧರ್ಮಸಭೆ ಈ ಹಿಂದೆಯೇ ಯೋಚಿಸಿದೆ. 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾರ ಹಬ್ಬದಂದೇ, ಪೋಪ್ ಸಂತ ಹತ್ತನೆಯ ಪಯಸ್‌ರವರು ಪವಿತ್ರ ಸಂಗೀತದ ಬಗ್ಗೆ ಆದೇಶಪತ್ರ ಹೊರಡಿಸಿ, ಜನರು ಆರಾಧನೆಯ ಹಾಡಿನಲ್ಲಿ ಮತ್ತೆ ಭಾಗಿಗಳಾಗಬೇಕೆಂದು ಬಯಸಿದರು. 1958ರ ಸೆಪ್ಟೆಂಬರಿನಲ್ಲಿ ರೋಮಿನಿಂದ ಇನ್ನೊಂದು ಸೂಚನಾಪತ್ರ ಬಂತು. ಆಗಿನ್ನೂ ಗ್ರಾಮೋಫೋನ್, ರೇಡಿಯೋ, ಟೇಪ್‌ರೆಕಾರ್ಡರುಗಳ ಕಾಲ. ಆರಾಧನಾ ವಿಧಿಯಲ್ಲಿ ಇಂಥ ಯಂತ್ರಗಳನ್ನು ಹಾಡಿಸಬಾರದೆಂದು ಆ ಪತ್ರ ತಿಳಿಸಿತು. ಆದರೆ ಆರಾಧನೆಯ ಹೊರಗೆ ವಿಶ್ವಾಸಿಗಳಿಗೆ ಪವಿತ್ರ ಗಾಯನ ಹಾಗೂ ಹಾಡುಗಳನ್ನು ಕಲಿಸಲು ಅವುಗಳನ್ನು ಬಳಸಬಹುದೆಂದೂ ಒಪ್ಪಿಕೊಂಡಿತು.

ಎಂಥ ಸಮತೂಕದ ಮಾತು! ಮೊಬೈಲನ್ನು ಕಾಣದ ಕಾಲದಲ್ಲಿ ಬರೆದರೂ ಆ ವಿವೇಕ ನಮಗೆ ಇಂದಿಗೂ ದಾರಿದೀಪ. ಕಲಿಯುವಾಗ ಯಂತ್ರ ನೆರವಾಗಲಿ, ಆರಾಧಿಸುವಾಗ ಮನುಷ್ಯರೇ ಹಾಡಲಿ. ದೇವರಿಗೆ ಬೇಕಾಗಿರುವುದು ಜೀವಂತ ಜನರ ಉಸಿರು. ಎಷ್ಟೇ ಸೊಗಸಾದ ಮುದ್ರಿತ ಹಾಡೂ ನಮ್ಮ ಪರವಾಗಿ ಆರಾಧಿಸಲಾರದು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದಲ್ಲಿ ಎಲ್ಲ ವಿಶ್ವಾಸಿಗಳೂ ಅರಿತು, ಕ್ರಿಯಾಶೀಲರಾಗಿ, ಪೂರ್ಣವಾಗಿ ಭಾಗವಹಿಸಬೇಕೆಂದಿತು. ಗಾನವೃಂದಗಳನ್ನು ಬೆಳೆಸಬೇಕು, ಆದರೆ ಜನರ ಪಾಲಿನ ಹಾಡು ಜನರ ಬಾಯಲ್ಲೇ ಇರಬೇಕು ಎಂದಿತು. ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕೆಂದಿತು. 1967ರಲ್ಲಿ ಬಂದ ಪವಿತ್ರ ಸಂಗೀತದ ಸೂಚನಾಪತ್ರವು, ಇಡೀ ಸಮುದಾಯ ತನ್ನ ವಿಶ್ವಾಸವನ್ನು ಹಾಡಿನಲ್ಲಿ ಹೊರಗೆಡಹುವುದಕ್ಕಿಂತ ಹೆಚ್ಚು ಸಂಭ್ರಮದ್ದು ಆರಾಧನೆಯಲ್ಲಿ ಬೇರಿಲ್ಲ ಎಂಬ ಭಾವವನ್ನು ವ್ಯಕ್ತಪಡಿಸಿತು.

ಕುಟುಂಬಗಳಿಗೆ ಕೆಲವು ಸಲಹೆಗಳು

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಕೆಲವು ಸರಳ ಸಲಹೆಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದಾಗಿ, ನಿಮ್ಮ ಶ್ರುತಿಯನ್ನು ಕಂಡುಕೊಳ್ಳಿ. ಶ್ರುತಿ ತಾಯಿ, ಲಯ ತಂದೆ ಎಂಬ ಮಾತಿದೆ. ಗಂಡಸರಿಗೆ ಸಾಮಾನ್ಯವಾಗಿ ಒಂದು ಅಥವಾ ಎರಡು ಮನೆ ಶ್ರುತಿ, ಹೆಂಗಸರಿಗೆ ಐದು ಅಥವಾ ಐದೂವರೆ ಮನೆಯ ಸುತ್ತಮುತ್ತ ಹೊಂದುತ್ತದೆ. ಸಿನಿಮಾ ಗಾಯಕರ ಎತ್ತರಕ್ಕೆ ಏರಲು ಹೋಗಿ "ನನಗೆ ಬರುವುದಿಲ್ಲ" ಎಂದು ಕೈಬಿಡುವವರೇ ಹೆಚ್ಚು. ನಿಮಗೆ ಆರಾಮವಾಗಿ ನಿಲ್ಲುವ ಷಡ್ಜವನ್ನು ಆರಿಸಿಕೊಂಡು, ತಂಬೂರಿಯ ನಾದದೊಡನೆ ದಿನವೂ ಎರಡು ನಿಮಿಷ ಗುನುಗಿರಿ.

ಎರಡನೆಯದಾಗಿ, ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ದಿನ ಎರಡು ಗಂಟೆ ಹಾಡುವುದಕ್ಕಿಂತ ದಿನವೂ ಸ್ವಲ್ಪ ಹಾಡುವುದು ಫಲ ಕೊಡುತ್ತದೆ. ದಿನವೂ ತಪ್ಪದೆ ಮಾಡುವ ಅಭ್ಯಾಸ ನಮಗೆ ಹೊಸದೇ? ಸಂಜೆಯ ಜಪಸರ ನಮ್ಮ ಮನೆಗಳಿಗೆ ಕಲಿಸಿದ್ದು ಅದನ್ನೇ ಅಲ್ಲವೇ? ಜಪಸರಕ್ಕೆ ಮುನ್ನ ಹತ್ತು ನಿಮಿಷ ಹಾಡಿಗೆ ಮೀಸಲಿಡಿ. ಗಂಟಲು ನೋಯುತ್ತಿದ್ದರೆ ಅಂದು ಬಿಡಿ.

ಮೂರನೆಯದಾಗಿ, ಮೊಬೈಲಿನ ಸ್ಪೀಕರಿನಲ್ಲಿ ಪಾಠ ಹಾಕಿಕೊಂಡು ಹಾಡಿದರೆ ಮೈಕು ಗುರುವಿನ ದನಿಯನ್ನೂ ಹಿಡಿದು ಗೊಂದಲವಾಗುತ್ತದೆ. ಇಯರ್‌ಫೋನ್ ಬಳಸಿ, ಒಂದು ಕಿವಿಗೆ ಮಾತ್ರ ಇಟ್ಟುಕೊಳ್ಳಿ. ಇನ್ನೊಂದು ಕಿವಿಗೆ ನಿಮ್ಮ ದನಿ ಕೇಳಿಸಲಿ. ಬ್ಲೂಟೂತ್‌ನಲ್ಲಿ ಶಬ್ದ ಕೊಂಚ ತಡವಾಗಿ ಬರುವುದರಿಂದ ತಾಳ ತಪ್ಪಿದಂತೆ ತೋರಬಹುದು. ತಂತಿಯ ಇಯರ್‌ಫೋನ್ ಇದಕ್ಕೆ ಉತ್ತಮ.

ನಾಲ್ಕನೆಯದಾಗಿ, ಹಣದ ಹಾಗೂ ಮಕ್ಕಳ ವಿಷಯದಲ್ಲಿ ಎಚ್ಚರವಿರಲಿ. ಅನೇಕ ಆ್ಯಪ್‌ಗಳಲ್ಲಿ ಮೊದಲ ಪಾಠಗಳು ಉಚಿತ, ಮುಂದಿನವಕ್ಕೆ ಚಂದಾ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಡುವ ಮುನ್ನ ಓದಿ ನೋಡಿ. ಬಳಸದಿದ್ದಾಗ ರದ್ದುಮಾಡಿ. ಮೈಕಿನ ಅನುಮತಿ ಹಾಡುವಾಗ ಮಾತ್ರ ಇರಲಿ. ಹದಿನೆಂಟು ತುಂಬದ ಮಕ್ಕಳ ವೈಯಕ್ತಿಕ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ಭಾರತದ 2023ರ ದತ್ತಾಂಶ ರಕ್ಷಣಾ ಕಾಯಿದೆ ಹೇಳುತ್ತದೆ. ಹಾಡು ಕಲಿಯಲು ಕೊಟ್ಟ ಮೊಬೈಲು ಆಟಕ್ಕೆ, ವಿಡಿಯೋಕ್ಕೆ ಜಾರದಂತೆ ಮಕ್ಕಳ ಜೊತೆ ನೀವೂ ಕುಳಿತು ಹಾಡಿ. ನಕ್ಷತ್ರಗಳನ್ನು ಎಣಿಸುವುದೇ ಗುರಿಯಾದರೆ ಹಾಡು ಸ್ಪರ್ಧೆಯಾಗುತ್ತದೆ.

ಐದನೆಯದಾಗಿ, ಕಲಿತದ್ದನ್ನು ಆಲಯಕ್ಕೆ ತನ್ನಿ. ಇದೇ ಎಲ್ಲಕ್ಕಿಂತ ಮುಖ್ಯ. ಗಾನವೃಂದದ ಮುಖ್ಯಸ್ಥರು ಮುಂದಿನ ಭಾನುವಾರದ ಕೀರ್ತನೆಯ ಪಲ್ಲವಿಯನ್ನು ಸೋಮವಾರವೇ ಹಾಡಿ, ಧ್ವನಿಮುದ್ರಿಸಿ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬಹುದು. ಮನೆಮನೆಯಲ್ಲಿ ಅದನ್ನು ಕಲಿತು, ವಾರದ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಮೊಬೈಲು ಬದಿಗಿಟ್ಟು ಒಟ್ಟಿಗೆ ಹಾಡಬಹುದು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರನ್ನು ಮರೆಯಬೇಡಿ. ಮೊಮ್ಮಗಳು ಅಜ್ಜಿಗೆ ಸ್ವರದ ಗೆರೆ ತೋರಿಸಲಿ, ಅಜ್ಜಿ ಮೊಮ್ಮಗಳಿಗೆ ಯಾವ ಆ್ಯಪ್‌ನಲ್ಲೂ ಇಲ್ಲದ ಹಳೆಯ ಹಾಡುಗಳನ್ನು, ಸಮಾಧಿಯ ಬಳಿಯ ಹಾಡನ್ನೂ ಕಲಿಸಲಿ. ಆ ಹಾಡುಗಳನ್ನು ಅವರಿದ್ದಾಗಲೇ ಮುದ್ರಿಸಿಟ್ಟುಕೊಳ್ಳಿ. ಮುದ್ರಿಸಿಟ್ಟು ಸುಮ್ಮನಾಗದೆ ಬಾಯಿಪಾಠ ಮಾಡಿ.

ಗಾನವೃಂದದ ಸೋದರ ಸೋದರಿಯರಿಗೂ ಒಂದು ಮಾತು. ಹೊಸದಾಗಿ ಧೈರ್ಯ ಮಾಡಿ ಬಾಯಿ ತೆರೆದವರ ಸ್ವರ ಸ್ವಲ್ಪ ತಪ್ಪಿದರೆ ತಿರುಗಿ ನೋಡಬೇಡಿ. ಮೈಕಿನ ಶಬ್ದವನ್ನು ಒಂದಿಷ್ಟು ತಗ್ಗಿಸಿ, ಎಲ್ಲರಿಗೂ ಎಟುಕುವ ಶ್ರುತಿಯಲ್ಲಿ ಹಾಡಿ, ಪ್ರತಿ ಭಾನುವಾರ ಜನರಿಗೆ ತಿಳಿದಿರುವ ಒಂದು ಹಾಡಾದರೂ ಇರಲಿ. ನಿಮ್ಮ ಸೇವೆಯ ಯಶಸ್ಸನ್ನು ಜನರು ನಿಮ್ಮನ್ನು ಎಷ್ಟು ಮೆಚ್ಚಿದರು ಎಂಬುದರಿಂದ ಅಳೆಯದೆ, ಅವರು ನಿಮ್ಮ ಜೊತೆ ಎಷ್ಟು ಹಾಡಿದರು ಎಂಬುದರಿಂದ ಅಳೆಯಿರಿ.

ಪ್ರಿಯರೇ, ಕಾಗೆ ದನಿಯೆಂದು ಸುಮ್ಮನಿರುವವರಿಗೆ ನಮ್ಮ ಉತ್ತರವಿದು: ಸಂತ ಸಿಸಿಲಿಯಾ ಹೃದಯದಲ್ಲಿ ಹಾಡಿದ್ದು ನಿಜ. ಆದರೆ ಆ ಹೃದಯದ ಹಾಡು ಅವರೊಳಗೇ ಮುಗಿಯಲಿಲ್ಲ. ಪತಿ ವಲೇರಿಯನ್ ಹಾಗೂ ಮೈದುನ ತಿಬೂರ್ತಿಯುಸರನ್ನು ಅದು ಕ್ರಿಸ್ತರ ಬಳಿಗೆ ತಂದಿತು, ಕೊನೆಗೆ ರಕ್ತಸಾಕ್ಷಿಯಾಗಿ ಹೊರಹೊಮ್ಮಿತು ಎಂದು ಅದೇ ಪುರಾತನ ಕಥನ ಹೇಳುತ್ತದೆ. ಹೃದಯದಲ್ಲಿ ಹುಟ್ಟಿದ್ದು ಅಲ್ಲೇ ಅಡಗಿರಲಾರದು. ಕಂಠ ಒರಟಾಗಿದ್ದರೂ ಸರಿ, ಅದು ಹೊರಬರಲಿ. ತಿದ್ದಿಕೊಳ್ಳಲು ಅಂಗೈಯಲ್ಲಿ ಒಂದು ಸಾಧನವಿದೆ, ಜೊತೆಗೂಡಲು ಆಲಯದಲ್ಲಿ ಒಂದು ಕುಟುಂಬವಿದೆ.

ಈ ಹಬ್ಬದ ನಂತರ ಕೆಲವೇ ದಿನಗಳಲ್ಲಿ ಆಗಮನಕಾಲ ಬರುತ್ತದೆ. ಕ್ರಿಸ್ತಜಯಂತಿಯ ರಾತ್ರಿ ದೇವದೂತರ ಸ್ತುತಿಯೊಡನೆ ನಮ್ಮ ಸ್ತುತಿಯೂ ಸೇರಬೇಕು. ಇಂದಿನಿಂದ ಆ ರಾತ್ರಿಯವರೆಗೆ ಪ್ರತಿ ಮನೆಯೂ ಒಂದೇ ಒಂದು ಹಾಡನ್ನು ಕಲಿಯಲಿ, ಪೂರ್ತಿಯಾಗಿ, ಪುಸ್ತಕವಿಲ್ಲದೆ. ಸಂತ ಸಿಸಿಲಿಯಾರವರ ಪ್ರಾರ್ಥನೆಯ ನೆರವಿನಿಂದ ಪ್ರಭು ನಮ್ಮ ಹೃದಯವನ್ನೂ ಕಂಠವನ್ನೂ ಒಂದೇ ಶ್ರುತಿಗೆ ಸೇರಿಸಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.